ಸಹಾಯ ಬೇಕು: ಅಪ್ಪ ಅಮ್ಮನ ಸಿಂಗಾಪುರ ಟಿಕೆಟ್‌ಗೆ ಮೈಲ್ಸ್ ಬಳಸಲೋ, ದುಡ್ಡು ಕೊಡಲೋ?

ಎಲ್ಲರಿಗೂ ನಮಸ್ಕಾರ. ಕೆಲಸದ ಓಡಾಟದಿಂದ ನನ್ನ ಕ್ರಿಸ್‌ಫ್ಲೈಯರ್ (ಸಿಂಗಾಪುರ್ ಏರ್‌ಲೈನ್ಸ್‌ನ ಪಾಯಿಂಟ್ಸ್ ಯೋಜನೆ) ಖಾತೆಯಲ್ಲಿ ಸುಮಾರು 62,000 ಮೈಲ್ಸ್, ಅಂದರೆ ಟಿಕೆಟ್‌ಗೆ ಬಳಸಬಹುದಾದ ಪಾಯಿಂಟ್ಸ್, ಸೇರಿವೆ. ಸಿಂಗಾಪುರ್ ಏರ್‌ಲೈನ್ಸ್ ಮೈಲ್ಸ್‌ಗೆ ಮೂರೇ ವರ್ಷ ಆಯಸ್ಸು. ನನ್ನದರಲ್ಲಿ ಅರ್ಧದಷ್ಟು ಬರುವ ಮಾರ್ಚ್‌ಗೆ ಮುಗಿದುಹೋಗುತ್ತವೆ.

ತಂಗಿ ಸಿಂಗಾಪುರದಲ್ಲಿದ್ದಾಳೆ, ಈಗ ಬಾಣಂತಿ. ಅಪ್ಪ ಅಮ್ಮ ಮೊಮ್ಮಗುವನ್ನು ನೋಡಬೇಕು ಅಂತ ದಿನಾ ಕೇಳುತ್ತಾರೆ. ಇಬ್ಬರೂ ಇದುವರೆಗೆ ವಿಮಾನ ಹತ್ತಿಲ್ಲ. ಅಮ್ಮನಿಗೆ ಮಂಡಿ ನೋವು ಬೇರೆ. ಹಾಗಾಗಿ ಬೆಂಗಳೂರಿನಿಂದ ನೇರ ವಿಮಾನವೇ ಬೇಕು.

ನಾನು ಲೆಕ್ಕ ಹಾಕುವ ರೀತಿ ಹೀಗಿದೆ. ಟಿಕೆಟ್ ಬೆಲೆ 20,000 ರೂಪಾಯಿ ಅಂದುಕೊಳ್ಳಿ. ಮೈಲ್ಸ್ ಕೊಟ್ಟರೂ ತೆರಿಗೆ ಅಂತ 5,000 ಕಟ್ಟಬೇಕು. ಅಂದರೆ ಉಳಿಯುವುದು 15,000. ಅದಕ್ಕೆ 25,000 ಮೈಲ್ಸ್ ಕೇಳಿದರೆ ಒಂದು ಮೈಲ್‌ಗೆ ಸಿಕ್ಕಿದ್ದು 60 ಪೈಸೆ. ಈ ಲೆಕ್ಕ ಸರಿ ಅಲ್ವಾ? ಎಷ್ಟು ಪೈಸೆಗಿಂತ ಕಡಿಮೆಯಾದರೆ ನೀವು ದುಡ್ಡು ಕೊಟ್ಟೇ ಟಿಕೆಟ್ ತೆಗೆದುಕೊಳ್ಳುತ್ತೀರಿ?

ಇನ್ನೊಂದು ತೊಡಕು. ಕಡಿಮೆ ಮೈಲ್ಸ್‌ನ ಸೇವರ್ ಸೀಟು ನಮಗೆ ಬೇಕಾದ ದಿನ ಒಂದೇ ತೋರಿಸುತ್ತಿದೆ. ಅಡ್ವಾಂಟೇಜ್ ಅನ್ನುವ ಇನ್ನೊಂದು ಬಗೆಯ ಸೀಟಿಗೆ ತುಂಬಾ ಜಾಸ್ತಿ ಮೈಲ್ಸ್ ಕೇಳುತ್ತಾರೆ. ವೇಟ್‌ಲಿಸ್ಟ್‌ಗೆ ಹಾಕಿ ಕಾದವರಿಗೆ ಸೀಟು ಸಿಕ್ಕಿದೆಯಾ? ಅಥವಾ ಒಬ್ಬರಿಗೆ ಮೈಲ್ಸ್, ಇನ್ನೊಬ್ಬರಿಗೆ ದುಡ್ಡಿನ ಟಿಕೆಟ್ ಮಾಡಿದರೆ ಪಕ್ಕಪಕ್ಕ ಕೂರಿಸುತ್ತಾರಾ? ಅವರನ್ನು ಬೇರೆ ಬೇರೆ ಕೂರಿಸಲು ನನಗೆ ಸ್ವಲ್ಪವೂ ಮನಸ್ಸಿಲ್ಲ.

ನನ್ನ ಮೈಲ್ಸ್‌ನಲ್ಲಿ ಟಿಕೆಟ್ ಪಡೆಯಲು ಇಬ್ಬರ ಹೆಸರನ್ನೂ ಖಾತೆಗೆ ನಾಮಿನಿಯಾಗಿ ಆಗಲೇ ಸೇರಿಸಿದ್ದೇನೆ. ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಕೂಡ ಸ್ವಲ್ಪ ಇವೆ. ಆದರೆ ಅವನ್ನು ಒಮ್ಮೆ ಮೈಲ್ಸ್‌ಗೆ ಬದಲಾಯಿಸಿದ ಮೇಲೆ ಮತ್ತೆ ಕಾರ್ಡ್‌ಗೆ ವಾಪಸ್ ಬರುವುದಿಲ್ಲ, ಅದಕ್ಕೇ ಸೀಟು ಖಚಿತವಾಗುವವರೆಗೆ ಮುಟ್ಟಿಲ್ಲ. ಹೀಗೆ ಅಪ್ಪ ಅಮ್ಮನನ್ನು ಕಳಿಸಿದವರು ಇದ್ದರೆ ದಯವಿಟ್ಟು ತಿಳಿಸಿ. ಈ ವಾರದೊಳಗೆ ಬುಕ್ ಮಾಡಬೇಕು.