ಪಿಕಪ್ ಬಾಡಿಯಲ್ಲಿ ಮಲಗುವ ಹಲಗೆ, ಅದರ ಕೆಳಗೆ ಪಾನಾಗಳ ಖಾನೆ: ಐದು ಅಡಿಯಲ್ಲಿ ಸಾಧ್ಯವೇ?

ರಾಶಿ ಮಷಿನ್, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಾಳು ಒಕ್ಕುವ ರಾಶಿ ಮಷಿನ್‌ಗಳನ್ನು ದುರಸ್ತಿ ಮಾಡುವವನು. ತೊಗರಿ ಕಟಾವು ಶುರುವಾದರೆ ಕಡಲೆ, ಜೋಳ ಮುಗಿಯುವವರೆಗೂ ಜೇವರ್ಗಿ, ಆಳಂದ, ಚಿತ್ತಾಪುರ, ಸೇಡಂ ಕಡೆಯ ಹೊಲಗಳಿಂದ ಕರೆ ಬರುತ್ತಲೇ ಇರುತ್ತದೆ. ಸಂಜೆ ನಿಂತ ಯಂತ್ರ ಬೆಳಗಾಗುವಷ್ಟರಲ್ಲಿ ತಿರುಗಬೇಕೆಂದು ರೈತರು ಬಯಸುವುದು ಸಹಜವಾದ್ದರಿಂದ ರಾತ್ರಿ ಹೊಲದಲ್ಲೇ ಉಳಿಯಬೇಕಾಗುತ್ತದೆ. ಸದ್ಯಕ್ಕೆ ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿಕೊಂಡು ಮಲಗುತ್ತಿದ್ದೇನೆ, ಸಾಮಾನೆಲ್ಲ ಬಾಡಿಯಲ್ಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿರುತ್ತದೆ.

ನನ್ನದು ಡಬಲ್ ಕ್ಯಾಬ್ ಪಿಕಪ್. ಬಾಡಿಯ ಒಳ ಉದ್ದ 60 ಇಂಚು, ಅಗಲವೂ 60 ಇಂಚು. ಎರಡು ಬದಿಯ ಚಕ್ರದ ಗುಮ್ಮಟಗಳು ತಳದಿಂದ 9 ಇಂಚು ಎದ್ದಿವೆ, ಅವುಗಳ ನಡುವಿನ ಅಂತರ 43 ಇಂಚು. ಮೇಲೆ ಪೈಪಿನ ಹುಡ್ ಹಾಕಿಸಿ ತಾಡಪತ್ರಿ ಹೊದಿಸಿದ್ದೇನೆ. ತಳದಿಂದ ಹುಡ್‌ವರೆಗೆ 40 ಇಂಚು ಸಿಗುತ್ತದೆ. ನನ್ನ ಎತ್ತರ 5 ಅಡಿ 7 ಇಂಚು. ಮಲಗುವವನು ನಾನೊಬ್ಬನೇ. ಪಾನಾಗಳು, ಬೇರಿಂಗುಗಳು, ಪುಲ್ಲಿಗಳು, ಬೆಲ್ಟುಗಳು, ಸಣ್ಣ ವೆಲ್ಡಿಂಗ್ ಯಂತ್ರ, ಎಲ್ಲ ಸೇರಿ 150 ಕೆಜಿಯ ಆಸುಪಾಸು ಭಾರವಿದೆ.

ಕೆಳಗೆ ಎರಡು ಉದ್ದನೆಯ ಖಾನೆ, ಮೇಲೆ ಮಲಗಲು ಹಲಗೆ ಎಂಬುದು ನನ್ನ ಯೋಚನೆ. ಉದ್ದ ಸಾಲದಿದ್ದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಬಹುದೇ? ಅಡುಗೆಮನೆಯ ಖಾನೆಗಳಿಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ ಇಷ್ಟು ಭಾರವನ್ನು ತಡೆದೀತೇ? ಪ್ಲೈವುಡ್ ಯಾವುದು, ಎಷ್ಟು ದಪ್ಪದ್ದು ತರಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಬಡಿಗತನ, ಬೀದರ್

ತಮ್ಮಾ, ಮೊದಲು ಎತ್ತರದ ಲೆಕ್ಕವನ್ನು ಮುಗಿಸಿಕೊಳ್ಳಿ, ಉಳಿದುದೆಲ್ಲ ಅದರ ಹಿಂದೆ ಬರುತ್ತದೆ. ಹಲಗೆಯು ಚಕ್ರದ ಗುಮ್ಮಟಗಳಿಗಿಂತ ಮೇಲೆ ಕುಳಿತರೆ ಮಾತ್ರ 60 ಇಂಚಿನ ಪೂರ್ತಿ ಅಗಲ ನಿಮಗೆ ದಕ್ಕುತ್ತದೆ. ಹಲಗೆಯ ಮೇಲ್ಮೈಯನ್ನು 13 ಇಂಚಿಗೆ ನಿಲ್ಲಿಸಿದರೆ, ಒಂದು ಇಂಚಿನ ಪೈಪು ಮತ್ತು ಅರ್ಧ ಇಂಚಿನ ಪ್ಲೈವುಡ್ ಕಳೆದು, ಕೆಳಗೆ ಹನ್ನೊಂದೂವರೆ ಇಂಚು ಉಳಿಯುತ್ತದೆ. ಮೇಲೆ 27 ಇಂಚು ಇರುತ್ತದೆ, ಮೂರು ಇಂಚಿನ ಗಾದಿ ಹಾಸಿದರೆ 24. ಮಗ್ಗುಲು ಬದಲಿಸಲು ಇದು ಸಾಕು, ಎದ್ದು ಕೂರಲು ಸಾಲದು. ನೆಲದಿಂದ ನೆತ್ತಿಯವರೆಗೆ, ಕುಳಿತಾಗ, ದೊಡ್ಡವರಿಗೆ ಸುಮಾರು 35 ಇಂಚು ಬೇಕಾಗುತ್ತದೆ. ಖಾನೆಯನ್ನು ಇನ್ನೂ ಎರಡು ಇಂಚು ಆಳ ಮಾಡೋಣವೆಂಬ ಆಸೆ ಬಂದೇ ಬರುತ್ತದೆ, ಆಗ ಆ ಎರಡು ಇಂಚು ನಿಮ್ಮ ಮೂಗಿನ ಮೇಲಿನಿಂದ ಹೋಗುತ್ತದೆಂಬುದು ನೆನಪಿರಲಿ.

ಓರೆಯಾಗಿ ಮಲಗುವ ಯೋಚನೆಯನ್ನು ಬಿಡಿ. 60 ಇಂಚಿನ ಚೌಕದ ಕರ್ಣ ಸುಮಾರು 85 ಇಂಚು ಇರುವುದು ನಿಜ, ಆದರೆ ಮೂಲೆಗಳು ಕಿರಿದಾಗುತ್ತ ಹೋಗುವುದರಿಂದ 20 ಇಂಚು ಅಗಲದ ಹಾಸಿಗೆಯನ್ನು ಓರೆಯಾಗಿ ಹಾಸಿದರೆ ಸಿಗುವ ಉದ್ದ 65 ಇಂಚು ಮಾತ್ರ. ನೀವು 67 ಇಂಚಿನವರು, ತಲೆಯ ಕಡೆಗೆ ನಾಲ್ಕೈದು ಇಂಚು ಬಿಡುವೂ ಬೇಕು. ಅದರ ಬದಲು ಹಿಂಬಾಗಿಲನ್ನು ಕೆಳಗಿಳಿಸಿ, ಅದರ ಮೇಲ್ಭಾಗಕ್ಕೆ 12 ಇಂಚಿನ ಮಡಚುವ ಹಲಗೆಯೊಂದನ್ನು ಪಿಯಾನೊ ಕೀಲಿನಿಂದ (ಅಂಚಿನುದ್ದಕ್ಕೂ ಬರುವ ಉದ್ದನೆಯ ಕೀಲು) ಮುಖ್ಯ ಹಲಗೆಗೆ ಜೋಡಿಸಿ. ಪ್ರಯಾಣದಲ್ಲಿ ಅದು ಮಡಚಿ ಹಲಗೆಯ ಮೇಲೆಯೇ ಮಲಗಿರುತ್ತದೆ, ರಾತ್ರಿ ಹೊರಕ್ಕೆ ಚಾಚಿ ಎರಡು ಸಣ್ಣ ಕಾಲುಗಳ ಮೇಲೆ ನಿಲ್ಲುತ್ತದೆ. ಒಬ್ಬರಿಗೆ 30 ಇಂಚು ಅಗಲ ಧಾರಾಳವಾದ್ದರಿಂದ ಈ ತುಂಡನ್ನು ಎಡಭಾಗಕ್ಕಷ್ಟೇ ಇರಿಸಿದರೆ, ಹಾಸಿಗೆ ಹಾಸಿದ ಮೇಲೂ ಬಲಭಾಗದ ಖಾನೆಯನ್ನು ಎಳೆಯಬಹುದು. ಪಾದದ ಕಡೆ ಹುಡ್‌ನಿಂದ ಹೊರಗೆ ಬರುವ ಜಾಗಕ್ಕೆ ತಾಡಪತ್ರಿಯ ಪರದೆಯನ್ನು ಉದ್ದವಾಗಿ ಇಳಿಬಿಡಿ.

ಪ್ಲೈವುಡ್ಡಿನ ಮೇಲೆ ಐಎಸ್ 710 ಎಂದು ಮುದ್ರೆ ಇರುವುದನ್ನೇ ಕೇಳಿ ತನ್ನಿ, ಅದು ನೀರಿಗೆ ಬಿಚ್ಚಿಕೊಳ್ಳದ ಬಿಡಬ್ಲ್ಯುಪಿ ದರ್ಜೆ. ಐಎಸ್ 303ರ ಎಂಆರ್ (ತೇವವನ್ನಷ್ಟೇ ತಡೆಯುವ) ದರ್ಜೆಯದು ಮನೆಯೊಳಗಿನ ಕಪಾಟಿಗೆ ಸರಿ, ಗಾಡಿಗಲ್ಲ. ಅಡಿಯಲ್ಲಿ ಪ್ರತಿ 15 ಇಂಚಿಗೊಂದು ಅಡ್ಡ ಪೈಪು ಕೊಟ್ಟರೆ 12 ಮಿಮೀ ಸಾಕು. ಎಂಟು ಅಡಿಗೆ ನಾಲ್ಕು ಅಡಿಯ ಹಾಳೆ 12 ಮಿಮೀ ಆದರೆ ಸುಮಾರು 23 ಕೆಜಿ, 18 ಮಿಮೀ ಆದರೆ 35 ಕೆಜಿ ತೂಗುತ್ತದೆ. ಸುಮ್ಮನೆ ಭಾರ ಹೊತ್ತು ತಿರುಗುವುದೇಕೆ? ಕೊಯ್ದ ಅಂಚುಗಳಿಗೆ ಮರೆಯದೆ ಎರಡು ಕೈ ಪೇಂಟ್ ಕೊಡಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಲೇಥ್ ಕೆಲಸ, ಶಹಾಬಾದ

ಟೆಲಿಸ್ಕೋಪಿಕ್ ಚಾನೆಲ್ ಬೇಡ. ನಮ್ಮ ಅಂಗಡಿಗಳಲ್ಲಿ ಸಿಗುವ ಜೋಡಿಗಳು ಹೆಚ್ಚೆಂದರೆ 35 ರಿಂದ 45 ಕೆಜಿಯವು, ಉದ್ದವೂ 24 ಇಂಚಿನ ಆಚೆಗೆ ಅಪರೂಪ. ದೊಡ್ಡವನ್ನು ಹೈದರಾಬಾದಿನ ರಾಣಿಗಂಜ್‌ನಿಂದ ತರಿಸಬಹುದಾದರೂ ತೊಗರಿ ಹೊಟ್ಟು ಮತ್ತು ಎರೆಮಣ್ಣಿನ ಧೂಳು ಅದರ ತೆರೆದ ಗುಂಡುಗಳಲ್ಲಿ ಗ್ರೀಸಿನ ಜೊತೆ ಕಲೆತು ಗಟ್ಟಿಯಾದ ಮೇಲೆ ಖಾನೆಯನ್ನು ಒದ್ದು ತೆಗೆಯಬೇಕಾಗುತ್ತದೆ.

ನಿಮ್ಮ ಡಬ್ಬಿಯಲ್ಲೇ ಉತ್ತರವಿದೆ. 6201 ಬೇರಿಂಗಿನ ಒಳರಂಧ್ರ 12 ಮಿಮೀ, ಹೊರವ್ಯಾಸ 32 ಮಿಮೀ. 12 ಮಿಮೀ ಬೋಲ್ಟಿಗೆ ಅದು ನೇರವಾಗಿ ಕೂರುತ್ತದೆ. 2ಆರ್‌ಎಸ್ ಎಂದು ಬರೆದಿರುವುದನ್ನು ಆರಿಸಿಕೊಳ್ಳಿ, ಎರಡೂ ಬದಿಗೆ ರಬ್ಬರ್ ಸೀಲ್ ಇರುವುದರಿಂದ ಧೂಳು ಒಳಹೋಗದು. ಝಡ್‌ಝಡ್ ಎಂದಿರುವುದು ತಗಡಿನ ಮುಚ್ಚಳದ್ದು, ಅಷ್ಟು ಬಿಗಿಯಲ್ಲ. ಖಾನೆಯ ಹಿಂತುದಿಯ ಎರಡು ಬದಿಗೆ ಒಂದೊಂದು, ಚೌಕಟ್ಟಿನ ಬಾಯಿಯಲ್ಲಿ ಎರಡು ಬದಿಗೆ ಒಂದೊಂದು ಬೇರಿಂಗ್ ಹಾಕಿ. ಹಿಂತುದಿಯವು ಒಂದರ ಮೇಲೊಂದಿರುವ ಎರಡು ಎಲ್ ಆಕಾರದ ಕಬ್ಬಿಣದ ಆಂಗಲ್‌ಗಳ ನಡುವೆ, 34 ಮಿಮೀ ಸಂದಿಯಲ್ಲಿ ಓಡಬೇಕು. ಖಾನೆಯನ್ನು ಹೊರಗೆಳೆದಾಗ ಮುಂಭಾಗ ಬಾಗಿ ಹಿಂಭಾಗ ಮೇಲೇಳಲು ನೋಡುತ್ತದೆ, ಅದನ್ನು ಒತ್ತಿ ಹಿಡಿಯುವುದು ಮೇಲಿನ ಆಂಗಲ್. ಉದ್ದದ ಮೂರರಲ್ಲೊಂದು ಭಾಗ ಸದಾ ಒಳಗೇ ಉಳಿಯುವಂತೆ ತಡೆಯೊಂದನ್ನು ವೆಲ್ಡ್ ಮಾಡಿಸಿ. ಬೇರಿಂಗ್ ಮೇಲಿನ ಖಾನೆ ಬಲು ಹಗುರಾಗಿ ಓಡುತ್ತದೆ. ಇಳಿಜಾರಿನ ಬದುವಿನಲ್ಲಿ ಗಾಡಿ ನಿಲ್ಲಿಸಿದಾಗ ತಾನಾಗಿ ಹೊರಬಂದು ಮೊಣಕಾಲಿಗೆ ಬಡಿಯದಂತೆ, ಮುಚ್ಚಿದಾಗಲೂ ತೆರೆದಾಗಲೂ ಬೀಳುವ ಟವರ್ ಬೋಲ್ಟ್ (ಚಿಲಕ) ಬೇಕೇಬೇಕು.

ಚೌಕಟ್ಟಿಗೆ 25 ಮಿಮೀ ಚೌಕ ಪೈಪು, 1.6 ಮಿಮೀ ದಪ್ಪದ್ದು, ಮೀಟರಿಗೆ ಹತ್ತಿರಹತ್ತಿರ 1.15 ಕೆಜಿ. ಇಪ್ಪತ್ತು ಮೀಟರ್ ಪೈಪು, ಎರಡು ಹಾಳೆ ಪ್ಲೈವುಡ್ ಎಂದು ಹಿಡಿದರೆ ಸುಮಾರು 70 ಕೆಜಿ. ಆರ್‌ಸಿಯಲ್ಲಿರುವ ಒಟ್ಟು ಭಾರದಿಂದ ಖಾಲಿ ಗಾಡಿಯ ಭಾರ ಕಳೆದಾಗ ಉಳಿಯುವ ಲೆಕ್ಕದಲ್ಲಿ ಈ 70, ನಿಮ್ಮ 150, ಒಳಗೆ ಕುಳಿತವರು, ಎಲ್ಲರೂ ಸೇರುತ್ತಾರೆ.

ಚೌಕಟ್ಟನ್ನು ಬಾಡಿಗೆ ವೆಲ್ಡ್ ಮಾಡಿಸಬೇಡಿ. ಹಗ್ಗ ಕಟ್ಟುವ ಕೊಂಡಿಗಳಿರುವ ಕಡೆ ಬೋಲ್ಟ್ ಹಾಕಿ. ಹೊಸ ತೂತು ಕೊರೆಯಲೇಬೇಕಾದರೆ ಗಾಡಿಯ ಕೆಳಗೆ ಮಲಗಿ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ವೈರಿಂಗ್ ಎಲ್ಲಿವೆಯೆಂದು ಕಣ್ಣಾರೆ ನೋಡಿದ ಮೇಲೆ ಡ್ರಿಲ್ ಹಿಡಿಯಿರಿ. ಕೆಳಗೆ ಅಗಲದ ಪಟ್ಟಿ, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್, ತೂತಿನ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ.

ಎರೆಹೊಲ, ಯಾದಗಿರಿ

ಬೇರಿಂಗ್ ಉಪಾಯ ಚೆನ್ನಾಗಿದೆ, ಆದರೆ ಖಾನೆಯೇ ಬೇಕೆ ಎಂಬುದು ನನ್ನ ಪ್ರಶ್ನೆ. ಕೆಟ್ಟ ಯಂತ್ರ ಹೊಲದ ನಡುವೆ ನಿಂತಿರುತ್ತದೆ. ಅಕಾಲಿಕ ಮಳೆ ಬಿದ್ದ ಎರೆಯಲ್ಲಿ ಗಾಡಿ ಅಲ್ಲಿಯವರೆಗೆ ಹೋಗುವುದಿಲ್ಲ. ಖಾನೆಯನ್ನು ಹೊತ್ತೊಯ್ಯಲಾಗದು. ಹಿಡಿಕೆಯಿರುವ ತಗಡಿನ ಟ್ರಂಕುಗಳನ್ನು ಹಲಗೆಯ ಕೆಳಗೆ ಎರಡು ಆಂಗಲ್ ಹಳಿಗಳ ಮೇಲೆ ಜಾರಿಸಿಟ್ಟರೆ ಬೇಕಾದುದನ್ನಷ್ಟೇ ಎತ್ತಿಕೊಂಡು ನಡೆಯಬಹುದು. ಒಂದೊಂದು ಟ್ರಂಕು 20 ಕೆಜಿ ಮೀರದಂತೆ ತುಂಬಿ. ಖರ್ಚೂ ಕಡಿಮೆ.

ಸರಕು ಗಾಡಿ, ಹುಮನಾಬಾದ್

ಎರಡು ವಿಷಯಗಳು ಇಲ್ಲಿ ಬಂದಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಬೋಲ್ಟ್ ಬಿಚ್ಚಿ ಇಳಿಸಬಹುದಾದ ಚೌಕಟ್ಟು ಒಂದು ಮಾತು, ಬಾಡಿಯನ್ನೇ ಕೊಯ್ದು ಕಾಯಂ ಆಗಿ ಕೂರಿಸುವುದು ಇನ್ನೊಂದು. ನಿಮ್ಮ ಹುಡ್ ಸಮೇತ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು, ವಿಮೆಯವರಿಗೂ ಬರೆದು ತಿಳಿಸುವುದು ಒಳ್ಳೆಯದು. ಗಾಡಿ ಓಡುವಾಗ ಆ ಹಾಸಿಗೆಯಲ್ಲಿ ಯಾರೂ ಮಲಗಬಾರದೆಂದು ಹೇಳಬೇಕಾಗಿಲ್ಲ, ಆದರೂ ದಣಿದ ಸಹಾಯಕರು ಮಲಗಿಬಿಡುತ್ತಾರೆ.

ಇನ್ನೊಂದು ಗಾಳಿಯ ವಿಷಯ. ಡಿಸೆಂಬರ್, ಜನವರಿಯ ಚಳಿಗೆ ತಾಡಪತ್ರಿಯನ್ನು ನಾಲ್ಕೂ ಕಡೆ ಬಿಗಿದು ಒಳಗೆ ಕೆಂಡದ ಬುಟ್ಟಿ ಇಟ್ಟುಕೊಳ್ಳುವವರಿದ್ದಾರೆ. ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ, ಎಚ್ಚರವಾಗುವುದೇ ಇಲ್ಲ. ಇಂಜಿನ್ ಚಾಲೂ ಇಟ್ಟು ಮಲಗುವುದೂ ಅಷ್ಟೇ ಅಪಾಯ. ಹಿಂದೆ ಮುಂದೆ ಎರಡೂ ಕಡೆ ಸೊಳ್ಳೆ ಜಾಲರಿಯ ಕಿಂಡಿ ಬಿಡಿ, ಚಳಿಗೆ ಇನ್ನೊಂದು ಕೌದಿ ಹೊದೆಯಿರಿ. ಪೆಟ್ರೋಲ್, ಥಿನ್ನರ್ ಕ್ಯಾನುಗಳು ಹಲಗೆಯ ಕೆಳಗಿನ ಖಾನೆಗೆ ಹೋಗಬಾರದು.

ರಾಶಿ ಮಷಿನ್, ಕಲಬುರಗಿ

ಎಲ್ಲರಿಗೂ ಧನ್ಯವಾದ. ಯಾದಗಿರಿಯ ಅಣ್ಣನವರ ಮಾತು ನನ್ನ ಕೆಲಸಕ್ಕೆ ಹೊಂದುತ್ತದೆ, ಆದರೆ ಬೇರಿಂಗ್ ಕೀಳುವ ಪುಲ್ಲರ್, ವೆಲ್ಡಿಂಗ್ ಯಂತ್ರಗಳು ಟ್ರಂಕಿಗೆ ಒಗ್ಗುವುದಿಲ್ಲ. ಹಾಗಾಗಿ ಬಲಭಾಗಕ್ಕೆ ಬೇರಿಂಗಿನ ಒಂದೇ ಖಾನೆ, ಎಡಭಾಗದ ಹಳಿಗಳ ಮೇಲೆ ಟ್ರಂಕುಗಳು, ಮಡಚುವ ತುಂಡು ಎಡಕ್ಕೆ ಎಂದು ನಿಶ್ಚಯಿಸಿದ್ದೇನೆ. ಖಾನೆಯ ಉದ್ದ 54 ಇಂಚು ಇರಲಿ ಎಂದುಕೊಂಡಿದ್ದೇನೆ. ಇದಕ್ಕೆ ಎರಡು ಹಾಳೆ ನಿಜವಾಗಿಯೂ ಸಾಕಾಗುತ್ತದೆಯೇ? ಭಾರದ ಸಾಮಾನು ಖಾನೆಯ ಯಾವ ತುದಿಗಿರಬೇಕು?

ಬಡಿಗತನ, ಬೀದರ್

ಸಾಕಾಗುತ್ತದೆ. ಎರಡೂ ಹಾಳೆಗಳನ್ನು 60 ಇಂಚಿಗೆ ಅಡ್ಡ ಕೊಯ್ಯಿರಿ. 60ಕ್ಕೆ 48ರ ತುಂಡಿನಿಂದ 30 ಇಂಚಿನ ಪಟ್ಟಿ ತೆಗೆದರೆ ಎರಡು ಹಾಳೆಯಿಂದ ಪೂರ್ತಿ ಹಲಗೆ ಸಿದ್ಧ, ಜೋಡಣೆಯ ಸಂದಿ ನಡುವಿನ ಪೈಪಿನ ಮೇಲೆಯೇ ಬೀಳುತ್ತದೆ. ಉಳಿಯುವ ಎರಡು 18 ಇಂಚಿನ ಪಟ್ಟಿಗಳಲ್ಲಿ ಒಂದು ಖಾನೆಯ ತಳ, ಇನ್ನೊಂದನ್ನು ಉದ್ದಕ್ಕೆ ಸೀಳಿದರೆ ಎರಡು ಪಕ್ಕಗಳು. ಗರಗಸ ತಿನ್ನುವಷ್ಟು ಕಡಿಮೆ ಬರುತ್ತದೆ, ಅಳತೆಯಲ್ಲಿ ಅದನ್ನು ಮೊದಲೇ ಬಿಟ್ಟುಕೊಳ್ಳಿ. 36ಕ್ಕೆ 48ರ ಎರಡು ತುಂಡುಗಳಲ್ಲಿ ಮಡಚುವ ಹಲಗೆ, ಖಾನೆಯ ಮುಂಬದಿ ಹಿಂಬದಿ ಬರುತ್ತವೆ. ಗುಮ್ಮಟಗಳ ಹಿಂದೆ ಮುಂದೆ ಖಾಲಿ ಉಳಿಯುವ ಮೂಲೆಗಳಿಗೆ ಮೇಲಿನಿಂದ ತೆರೆಯುವ ಮುಚ್ಚಳಗಳನ್ನೂ ಅದರಲ್ಲೇ ಮಾಡಿ ಹಗ್ಗ, ತಾಡಪತ್ರಿ ತುರುಕಬಹುದು. ಗಾದಿಯ ಕೆಳಗೆ ತೇವ ನಿಲ್ಲದಂತೆ ಹಲಗೆಗೆ ಬೆರಳು ತೂರುವಷ್ಟು ತೂತುಗಳನ್ನು ಅಲ್ಲಲ್ಲಿ ಕೊರೆಯಿರಿ.

ಭಾರದ್ದೆಲ್ಲ ಕ್ಯಾಬಿನ್ ಕಡೆಯ ತುದಿಗೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಬರುವ ಹಾಗೆ ಇಡಿ. ಖಾನೆಯನ್ನು ಪೂರ್ತಿ ಎಳೆದಾಗಲೂ ಆ ಭಾರ ಒಳಗುಳಿಯುವ ಮೂರರಲ್ಲೊಂದು ಭಾಗದಲ್ಲೇ ಇರುವುದರಿಂದ ಬಾಯಿಯ ಬೇರಿಂಗುಗಳ ಮೇಲೆ ಒತ್ತಡವೂ ಕಡಿಮೆ. ಚಾಲಕ ಬಲಕ್ಕೆ ಕೂರುವುದರಿಂದ ಟ್ರಂಕುಗಳಲ್ಲಿ ಪುಲ್ಲಿ ಇರುವುದನ್ನು ಎಡಕ್ಕೆ ಒತ್ತಿಟ್ಟರೆ ಗಾಡಿ ಒಂದು ಕಡೆಗೆ ವಾಲುವುದಿಲ್ಲ.