‘ನಂಬಿಕೆ ಇದೆ, ವಿಶ್ವಾಸ ಇಲ್ಲ’ ಎಂದರೆ ಏನರ್ಥ?

ಗೆಳೆಯರೇ,

ನನಗೆ ತುಂಬಾ ಬೇಕಾದವರೊಬ್ಬರು ಮೊನ್ನೆ ಹೇಳಿದರು: “ನಿನ್ನ ಮೇಲೆ ನಂಬಿಕೆ ಇದೆ. ವಿಶ್ವಾಸ ಉಳಿದಿಲ್ಲ.” ನಾನು ಅವರಿಗೆ ಸುಳ್ಳು ಹೇಳಿರಲಿಲ್ಲ. ಹೇಳಲೇಬೇಕಿದ್ದ ಒಂದು ವಿಷಯವನ್ನು ತಿಂಗಳುಗಟ್ಟಲೆ ಹೇಳದೆ ಇದ್ದೆ. ಎರಡೂ ಪದ ಒಂದೇ ಅಲ್ವಾ ಅಂತ ಆಗ ಅನಿಸಿತು. ಈಗ ಹಾಗನಿಸುತ್ತಿಲ್ಲ.

ನಂಬಿಕೆ ‘ನಂಬು’ವಿನಿಂದ ಬಂದದ್ದು. ತಮಿಳಿನಲ್ಲೂ ಅದು ನಂಬು, ತೆಲುಗಿನಲ್ಲಿ ನಮ್ಮು. ನಾವು ಸುದ್ದಿಯನ್ನು ನಂಬುತ್ತೇವೆ, ದೇವರನ್ನು ನಂಬುತ್ತೇವೆ, ಸಾಲ ತೀರಿಸುತ್ತಾನೆ ಅಂತ ಯಾರನ್ನೋ ನಂಬುತ್ತೇವೆ. ಅಲ್ಲಿ ಅಕ್ಕರೆ ಇರಲೇಬೇಕೆಂದಿಲ್ಲ.

ವಿಶ್ವಾಸ ಸಂಸ್ಕೃತದ್ದು. ಅದರೊಳಗೆ ಶ್ವಾಸವೇ ಕೂತಿದೆ. ಭಯವಿಲ್ಲದೆ, ನಿರಾಳವಾಗಿ ಉಸಿರಾಡುವುದು ಅದರ ಬೇರಿನ ಅರ್ಥ. ಕನ್ನಡಕ್ಕೆ ಬಂದಮೇಲೆ ಅದು ಪ್ರೀತಿಯನ್ನೂ ಸೇರಿಸಿಕೊಂಡಿತು. ‘ವಿಶ್ವಾಸದಿಂದ ಮಾತಾಡಿಸಿದರು’ ಅಂದರೆ ಅಕ್ಕರೆಯಿಂದ ಮಾತಾಡಿಸಿದರು ಅಂತಲೇ. (‘ಅವಿಶ್ವಾಸ ಗೊತ್ತುವಳಿ’ಯಲ್ಲಿ ಮಾತ್ರ ಈ ಅಕ್ಕರೆಯ ಸುಳಿವಿಲ್ಲ.)

ಹಾಗಾದರೆ ಅವರ ಮಾತನ್ನು ನಾನು ಹೀಗೆ ಓದಿಕೊಂಡಿದ್ದೇನೆ: ನೀನು ಮೋಸ ಮಾಡುವವನಲ್ಲ ಎಂದು ಗೊತ್ತು, ಆದರೆ ನಿನ್ನ ಪಕ್ಕ ಮೊದಲಿನ ಹಾಗೆ ನಿರಾಳವಾಗಿ ಇರಲು ಆಗುತ್ತಿಲ್ಲ. ಸುಮ್ನೆ ಪದದ ಜಗ್ಗಾಟ ಅನ್ನಬೇಡಿ. ನನ್ನ ತಪ್ಪು ಏನೆಂದು ನನಗೆ ತಿಳಿದದ್ದೇ ಈ ವ್ಯತ್ಯಾಸದಿಂದ. ನಿಮ್ಮ ಬಳಕೆಯಲ್ಲೂ ಈ ಎರಡು ಪದ ಹೀಗೆ ಬೇರೆಯಾಗಿವೆಯೇ?

‘ನೆಚ್ಚು’ ಕೂಡ ನೆನಪಾಯಿತು. ನೆಚ್ಚುವುದು ಎಂದರೆ ನಂಬುವುದು. ಆದರೆ ‘ನೆಚ್ಚಿನ’ ಅಂದಾಗ ಈಗ ಬರುವ ಅರ್ಥ ಇಷ್ಟದ ಎಂದು. ನಂಬಿದವರೇ ಇಷ್ಟದವರಾದರು. ಎಷ್ಟು ಚೆಂದ!

ಇನ್ನೊಂದು ಪ್ರಶ್ನೆ ಇದೆ, ನನಗೆ ಜಾಸ್ತಿ ಬೇಕಾದದ್ದು ಅದೇ. ಪ್ರೀತಿಸುವ ಇಬ್ಬರ ನಡುವೆ ಇರಬೇಕಾದ ಸತ್ಯಕ್ಕೆ ನಾವು ಏನನ್ನುತ್ತೇವೆ? ‘ಪ್ರಾಮಾಣಿಕತೆ’ಯಲ್ಲಿ ಪ್ರಮಾಣ ಇದೆ, ಅಂದರೆ ಪುರಾವೆ. ಒಲಿದವರು ಪುರಾವೆ ಕೇಳುವುದಿಲ್ಲ. ‘ನಿಯತ್ತು’ ಅರಬ್ಬಿಯಲ್ಲಿ ಉದ್ದೇಶ ಎಂಬ ಅರ್ಥದ್ದು. ನಮ್ಮಲ್ಲಿ ಅದನ್ನು ನಾಯಿಗೂ ಆಳಿಗೂ ಹೇಳಿ ಹೇಳಿ ಸರಿಸಮಾನರಿಗೆ ಹೊಂದುವುದಿಲ್ಲ. ‘ನೇರ’ ಅಂದರೆ ಚುಚ್ಚುವ ಮಾತೂ ಆಗಬಹುದು. ‘ಮುಚ್ಚುಮರೆ ಇಲ್ಲದೆ’ ಹತ್ತಿರ ಬರುತ್ತದೆ. ಆದರೆ ಅದು ಏನು ಇಲ್ಲ ಎಂದಷ್ಟೇ ಹೇಳುತ್ತದೆ, ಏನು ಇದೆ ಎಂದು ಹೇಳುವುದಿಲ್ಲ.

ನಿಮ್ಮ ಮನೆಮಾತಿನಲ್ಲಿ, ಹಿರಿಯರ ಬಾಯಲ್ಲಿ ಇದಕ್ಕೊಂದು ಪದ ಇದ್ದರೆ ದಯವಿಟ್ಟು ತಿಳಿಸಿ. ಅವರಿಗೊಂದು ಪತ್ರ ಬರೆಯುತ್ತಿದ್ದೇನೆ. ಆ ಒಂದು ಜಾಗ ಖಾಲಿ ಬಿಟ್ಟಿದ್ದೇನೆ.