ಪುಟ್ಟಾ, ಸ್ಪ್ರೇ ಡಬ್ಬಿ ಈಗಲೇ ತೆಗೆಯಬೇಡ

ಪುಟ್ಟಾ, ಬೆಳಿಗ್ಗೆ ನೀನು ಗ್ರೂಪಿಗೆ ಹಾಕಿದ ನಾಲ್ಕೂ ಫೋಟೋ ನೋಡಿದೆ. ಒಹಾಯೋದಲ್ಲಿ ನೀವು ತಗೊಂಡ ಮನೆಯ ಶೆಡ್ಡಿನಲ್ಲಿ ಹಳೇ ಮಾಲೀಕರು ಬಿಟ್ಟು ಹೋದ ಜಾನ್ ಡಿಯರ್ ಗಾರ್ಡನ್ ಟ್ರ್ಯಾಕ್ಟರ್. "ಮಾವ, ಈ ಶನಿವಾರ ಎರಡು ಡಬ್ಬಿ ಹಸಿರು ಸ್ಪ್ರೇ ಹೊಡೆದರೆ ಸಾಕಾ?" ಅಂತ ಕೇಳಿದ್ದೀಯ. ಅದರ ಕೆಳಗೇ ಅಕ್ಕ ಮೈಸೂರಿಂದ, "ಗುಜರಿಗೆ ಹಾಕೋ, ಜಾಗ ಆಗುತ್ತೆ" ಅಂತ ಬರೆದಿದ್ದಾಳೆ. ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಉದ್ದ ಆಗುತ್ತೆ, ಆದರೂ ಪೂರ್ತಿ ಕೇಳಿ.

ಅಕ್ಕ, ಮೊದಲು ನಿನಗೆ. ದಯವಿಟ್ಟು ಗುಜರಿ ಮಾತು ಬೇಡ. ಇದು ನಮ್ಮೂರಲ್ಲಿ ಗದ್ದೆ ಉಳುವ ಟ್ರ್ಯಾಕ್ಟರ್ ಅಲ್ಲ. ಮನೆ ಹಿತ್ತಲಿಗೆ ಅಂತಲೇ ಮಾಡಿದ ಪುಟಾಣಿ. ಹೊಟ್ಟೆ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡು ಕಟ್ಟಬಹುದು, ಚಳಿಗಾಲದಲ್ಲಿ ಮುಂದೆ ಹಿಮ ತಳ್ಳುವ ಹಲಗೆ ಹಾಕಬಹುದು, ಹಿಂದೆ ಸಣ್ಣ ನೇಗಿಲನ್ನೂ ಸಿಕ್ಕಿಸಬಹುದು. ಜಾನ್ ಡಿಯರ್‌ನವರು ಹಿತ್ತಲಿಗೆ ಅಂತ ಮೊದಲು ಮಾಡಿದ್ದು 110 ಅನ್ನುವ ಮಾಡೆಲ್, 1963ರಲ್ಲಿ. ಮಾಡಿದ್ದು ನಾನಿರುವ ಈ ವಿಸ್ಕಾನ್ಸಿನ್‌ನಲ್ಲೇ, ಹೊರಿಕಾನ್ ಅನ್ನುವ ಸಣ್ಣ ಊರಲ್ಲಿ. ಎಂಜಿನ್ ಕೂಡ ಇದೇ ರಾಜ್ಯದ ಕೋಲರ್ ಕಂಪನಿಯದು. ಒಂದೇ ಸಿಲಿಂಡರು, ಎರಕದ ಕಬ್ಬಿಣದ ಬ್ಲಾಕು, 8 ಅಶ್ವಶಕ್ತಿ. ಮೊದಲ ವರ್ಷದ್ದು ಮಾತ್ರ 7. ನನ್ನ ಹತ್ತಿರ ಇರುವುದು 1966ರದ್ದು, ಈಗಲೂ ಕೀ ತಿರುಗಿಸಿದ ತಕ್ಷಣ ಗುಡುಗುಡು ಅನ್ನುತ್ತದೆ. ಅಷ್ಟು ಗಟ್ಟಿ ವಸ್ತುವನ್ನು ಕೆಜಿ ಲೆಕ್ಕದಲ್ಲಿ ಮಾರಲು ನನಗೆ ಮನಸ್ಸು ಬರುವುದಿಲ್ಲ.

ಈಗ ಪುಟ್ಟ, ನಿನ್ನ ಪ್ರಶ್ನೆ. ಎರಡು ಡಬ್ಬಿ ಸಾಕಾಗಲ್ಲ. ಅದಕ್ಕಿಂತ ಮುಖ್ಯ, ಬಣ್ಣ ಈ ಶನಿವಾರದ ಕೆಲಸವೇ ಅಲ್ಲ. ನನಗೆ ಒಟ್ಟು ಐದು ತಿಂಗಳು ಹಿಡಿಯಿತು. ಅದರಲ್ಲಿ ಬಣ್ಣ ಹೊಡೆದ ದಿನಗಳು ಆರೋ ಏಳೋ. ಉಳಿದದ್ದೆಲ್ಲ ತೊಳೆಯುವುದು, ಬಿಚ್ಚುವುದು, ಉಜ್ಜುವುದು, ಕಾಯುವುದು.

ಮೊದಲು ಎಂಜಿನ್ ಓಡುತ್ತದಾ ನೋಡು. ಓಡದ ಗಾಡಿಗೆ ಬಣ್ಣ ಹೊಡೆದರೆ ಆಮೇಲೆ ಎಂಜಿನ್ ರಿಪೇರಿಗೆ ಅಂತ ಬಿಚ್ಚುವಾಗ ಸ್ಪಾನರ್ ತಗುಲಿ, ಪೆಟ್ರೋಲ್ ಚೆಲ್ಲಿ, ಹೊಸ ಬಣ್ಣ ಹೋಗುತ್ತದೆ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆ. ಆಯಿಲ್ ಬದಲಾಯಿಸು. ಇನ್ನೊಂದು ಬಹಳ ಮುಖ್ಯ: ಎಂಜಿನ್ ಮೇಲೆ ಗಾಳಿ ಹಾಯಿಸುವ ತಗಡಿನ ಕವಚ ಇದೆಯಲ್ಲ, ಅದನ್ನು ಬಿಚ್ಚದೆ ಸ್ಟಾರ್ಟ್ ಮಾಡಬೇಡ. ನನ್ನದರಲ್ಲಿ ಅದರೊಳಗೆ ಇಲಿ ಗೂಡು ಕಟ್ಟಿತ್ತು. ಹತ್ತಿ, ಒಣಹುಲ್ಲು, ಹರಿದ ಕಾಗದ, ಎಲ್ಲ ಸೇರಿ ಒಂದು ತೆಂಗಿನಕಾಯಿಯಷ್ಟು ಉಂಡೆ. ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ, ಗಾಳಿಯೇ ತಂಪು ಮಾಡಬೇಕು. ಆ ಗೂಡಿನ ಸಮೇತ ಓಡಿಸಿದ್ದರೆ ಹತ್ತು ನಿಮಿಷದಲ್ಲಿ ಕಾದು ಹಾಳಾಗುತ್ತಿತ್ತು. ಸ್ಪಾರ್ಕ್ ಬರದಿದ್ದರೆ ಹೆದರಬೇಡ, ಹಳೇ ಸ್ಕೂಟರಿನಲ್ಲಿ ಇದ್ದ ಹಾಗೆ ಇದರಲ್ಲೂ ಪಾಯಿಂಟ್ ಇದೆ, ಅಂದರೆ ತೆರೆದು ಮುಚ್ಚಿ ಸ್ಪಾರ್ಕ್ ಕೊಡಿಸುವ ಪುಟ್ಟ ಲೋಹದ ಜೋಡಿ. ಸುಮ್ನೆ ಸಣ್ಣಗೆ ಉಜ್ಜಿ ಅರ್ಧ ಮಿಲಿಮೀಟರ್ ಸಂದು ಇಟ್ಟರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಬಿಚ್ಚುವ ಮೊದಲು ಫೋಟೋ. ಪ್ರತಿ ನಟ್ಟು ಬಿಚ್ಚುವ ಮೊದಲೂ ಒಂದು ಫೋಟೋ. ಬೆಲ್ಟು ಯಾವ ಕಡೆಯಿಂದ ಸುತ್ತಿದೆ, ಸ್ಪ್ರಿಂಗಿನ ಕೊಕ್ಕೆ ಯಾವ ತೂತಿಗೆ, ಯಾವ ವೈರು ಎಲ್ಲಿಗೆ. ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ನಟ್ಟು ಬೋಲ್ಟು ಹಾಕಿ ಮೇಲೆ ಹೆಸರು ಬರಿ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ಬೆಳಿಗ್ಗೆ ನಿಧಾನಕ್ಕೆ ಅಲುಗಾಡಿಸು. ಬಲ ಹಾಕಿದರೆ ತಲೆ ಮುರಿಯುತ್ತೆ.

ಆಮೇಲೆ ತೊಳೆಯುವುದು. ಇಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಗ್ರೀಸ್ ಇರುವಾಗಲೇ ಸ್ಯಾಂಡ್ ಪೇಪರ್ ಹಾಕಿದರೆ ಆ ಜಿಡ್ಡು ಕಬ್ಬಿಣದ ಗೀರಿನೊಳಗೆ ಇಳಿದು ಕೂರುತ್ತದೆ, ಮೇಲೆ ಎಂಥ ಬಣ್ಣ ಹೊಡೆದರೂ ಹಿಡಿಯಲ್ಲ. ಮೊದಲು ಜಿಡ್ಡು ತೆಗೆಯುವ ಸೋಪಿನ ನೀರು, ಬ್ರಷ್ಷು, ಬಿಸಿನೀರು. ಒಣಗಿದ ಮೇಲೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡು. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ತೊಳೆಯುತ್ತಾ ಇರು.

ಪುಟ್ಟ, ಇದನ್ನು ಮಾತ್ರ ಮರೆಯಬೇಡ. ಇಲ್ಲಿ ಮನೆ ಬಣ್ಣದಲ್ಲಿ ಸೀಸ, ಅಂದರೆ ಲೆಡ್ ಅನ್ನುವ ವಿಷದ ಲೋಹ, ಹಾಕುವುದನ್ನು ನಿಲ್ಲಿಸಿದ್ದೇ 1978ರಲ್ಲಿ. ನಿನ್ನ ಟ್ರ್ಯಾಕ್ಟರ್ ಅದಕ್ಕಿಂತ ಹಳೆಯದು. ಹಾಗಾಗಿ ಹಳೇ ಬಣ್ಣದಲ್ಲಿ ಸೀಸ ಇದೆ ಅಂತಲೇ ತಿಳಿದುಕೋ. ಒಣಗಿದ್ದಾಗ ಹಾಗೇ ಉಜ್ಜಬೇಡ, ನೀರು ಹಾಕಿ ಉಜ್ಜು. ಧೂಳಿಗೆ ತಕ್ಕ ಒಳ್ಳೇ ಮಾಸ್ಕ್ ಹಾಕು. ಆ ಬಟ್ಟೆಯಲ್ಲೇ ಮನೆಯೊಳಗೆ ಹೋಗಿ ಮಗುವನ್ನು ಎತ್ತಿಕೊಳ್ಳಬೇಡ. ಚಿನ್ನು ಶೆಡ್ಡಿನ ಹತ್ತಿರವೂ ಬರಬಾರದು. ಅವಳಿಗೆ ಟ್ರ್ಯಾಕ್ಟರ್ ತೋರಿಸುವುದು ಎಲ್ಲ ಮುಗಿದ ಮೇಲೆ.

ತುಕ್ಕಿಗೆ ನಾನು ಮಾಡಿದ್ದು ಹೇಳುತ್ತೇನೆ, ಇದು ನನಗೆ ಬಹಳ ಇಷ್ಟವಾದ ಕೆಲಸ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ತುಂಬಿ ವಾಷಿಂಗ್ ಸೋಡ ಕರಗಿಸಿದೆ. ಒಂದು ಹಳೇ ಕಬ್ಬಿಣದ ಸರಳನ್ನು ಇಳಿಬಿಟ್ಟೆ. ಬ್ಯಾಟರಿ ಚಾರ್ಜರಿನ ಪ್ಲಸ್ ಆ ಸರಳಿಗೆ, ಮೈನಸ್ ನಮ್ಮ ತುಕ್ಕು ಹಿಡಿದ ಭಾಗಕ್ಕೆ. ಇದು ತಿರುಗಮುರುಗ ಆಗಬಾರದು, ಆದರೆ ನಮ್ಮ ಭಾಗವೇ ಕರಗುತ್ತದೆ. ಎರಡೂ ಒಂದಕ್ಕೊಂದು ತಾಗಬಾರದು. ಸ್ವಿಚ್ ಹಾಕಿದರೆ ಸಣ್ಣ ಸಣ್ಣ ಗುಳ್ಳೆ ಏಳುತ್ತದೆ. ಸಂಜೆ ಇಟ್ಟು ಬೆಳಿಗ್ಗೆ ತೆಗೆದರೆ ತುಕ್ಕೆಲ್ಲ ಕಪ್ಪು ಮಡ್ಡಿಯಾಗಿ ಬ್ರಷ್ಷಿಗೆ ಬಂದುಬಿಡುತ್ತದೆ, ಒಳ್ಳೇ ಕಬ್ಬಿಣ ಹಾಗೇ ಉಳಿಯುತ್ತದೆ. ಆದರೆ ಬಯಲಲ್ಲಿ ಇಡು, ಆ ಗುಳ್ಳೆ ಹೈಡ್ರೋಜನ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸರಳಿಗೆ ಸ್ಟೇನ್‌ಲೆಸ್ ಸ್ಟೀಲ್ ಖಂಡಿತ ಬೇಡ, ನೀರು ವಿಷ ಆಗುತ್ತದೆ. ಅಲ್ಯೂಮಿನಿಯಂ ಭಾಗವನ್ನೂ ಅದರೊಳಗೆ ಹಾಕಬೇಡ, ಸೋಡ ಅದನ್ನು ತಿಂದುಬಿಡುತ್ತದೆ. ಕೈ ಹಾಕುವ ಮೊದಲು ಸ್ವಿಚ್ ಆಫ್. ತೆಗೆದ ಮೇಲೆ ಅವತ್ತೇ ಒಣಗಿಸಿ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳದ ಕೋಟ್, ಹೊಡೆ. ಬರಿ ಕಬ್ಬಿಣ ಒಂದು ಗಂಟೆಯಲ್ಲೇ ಮತ್ತೆ ಕೆಂಪಗಾಗಲು ಶುರುವಾಗುತ್ತದೆ.

ಈಗ ಬಣ್ಣ. ನನಗೆ ಆದದ್ದು ಹೇಳುತ್ತೇನೆ, ನಿನಗೆ ಆಗಬಾರದು. ಆಯುಧ ಪೂಜೆಗೆ ಟ್ರ್ಯಾಕ್ಟರ್ ತಯಾರಾಗಬೇಕು ಅಂತ ನನಗೆ ಆಸೆ. ಅಪ್ಪ ಊರಲ್ಲಿ ನೇಗಿಲು, ಪಂಪ್‌ಸೆಟ್ಟು ಎಲ್ಲಕ್ಕೂ ಚೆಂಡುಹೂವು ಮುಡಿಸುತ್ತಿದ್ದರಲ್ಲ, ಅದು ಕಣ್ಣಲ್ಲೇ ಇತ್ತು. ಹಿಂದಿನ ದಿನ ಬೆಳಿಗ್ಗೆ ಬಾನೆಟ್ಟಿಗೆ ಮೊದಲ ಕೋಟ್ ಹಸಿರು ಹೊಡೆದೆ. ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಎರಡನೇ ಕೋಟ್ ಒಂದು ಗಂಟೆಯೊಳಗೆ, ಇಲ್ಲದಿದ್ದರೆ 48 ಗಂಟೆ ಆದ ಮೇಲೆ. ನಾನು ಆಫೀಸ್ ಕೆಲಸ ಮುಗಿಸಿ ಐದು ಗಂಟೆ ಬಿಟ್ಟು ಬಂದೆ. ಮುಟ್ಟಿದರೆ ಒಣಗಿತ್ತು. ಹೊಡೆದೆ. ನೋಡ್ತಾ ನೋಡ್ತಾ ಇದ್ದ ಹಾಗೇ, ಬಿಸಿ ಹಾಲಿನ ಕೆನೆಗೆ ಊದಿದರೆ ಹೇಗೆ ಮುದುಡುತ್ತೆ, ಹಾಗೆ ಇಡೀ ಬಾನೆಟ್ ಸುಕ್ಕುಗಟ್ಟಿತು. ಮೇಲೆ ಪದರ ಕಟ್ಟಿದ್ದರೂ ಒಳಗೆ ಬಣ್ಣ ಇನ್ನೂ ಹಸಿ. ಹೊಸ ಕೋಟಿನ ಥಿನ್ನರ್ ಅದರೊಳಗೆ ಇಳಿದು ಕೆಳಗಿನದನ್ನು ಉಬ್ಬಿಸಿತು. ಗ್ಯಾರೇಜ್ ಬೇರೆ ತಣ್ಣಗಿತ್ತು, ತಣ್ಣಗಿದ್ದಷ್ಟೂ ಬಣ್ಣ ನಿಧಾನ. ಅವತ್ತು ನನಗೆ ಅಳು ಬಂತು. ಮಾರನೇ ದಿನ ಬಾನೆಟ್ ಇಲ್ಲದೆಯೇ ಕುಂಕುಮ ಇಟ್ಟು, ಹೂವು ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು. ಬಾನೆಟ್ಟನ್ನು ಒಂದು ವಾರ ಒಣಗಲು ಬಿಟ್ಟು, ಮತ್ತೆ ತಗಡಿನವರೆಗೂ ಉಜ್ಜಿ, ಪ್ರೈಮರ್‌ನಿಂದ ಶುರು ಮಾಡಿದೆ.

ಅದಕ್ಕೇ ಹೇಳುತ್ತಿದ್ದೇನೆ, ಡಬ್ಬಿಯ ಹಿಂದೆ ಬರೆದದ್ದನ್ನು ಓದು, ಗಡಿಯಾರ ನೋಡಿ ಹೊಡೆ. ತಗಡಿನಿಂದ ಒಂದು ಅಡಿ ದೂರ ಇರಲಿ. ತಗಡು ಶುರುವಾಗುವ ಮೊದಲೇ ಗುಂಡಿ ಒತ್ತು, ತಗಡು ದಾಟಿದ ಮೇಲೆ ಬಿಡು. ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧ ಮುಚ್ಚಬೇಕು. ತೆಳ್ಳಗೆ ಮೂರು ಕೋಟ್ ಹೊಡೆ. ದಪ್ಪಗೆ ಒಂದೇ ಕೋಟ್ ಹೊಡೆದರೆ ಸೋರುತ್ತದೆ. ಶುರು ಮಾಡುವ ಮೊದಲು ನೆಲಕ್ಕೆ ನೀರು ಚಿಮುಕಿಸು, ಧೂಳು ಏಳಲ್ಲ. ಬಾಗಿಲು ತೆರೆದಿರಲಿ, ಬಣ್ಣದ ಹೊಗೆಗೆ ತಕ್ಕ ಮಾಸ್ಕ್ ಬೇರೆ ಸಿಗುತ್ತದೆ, ಅದನ್ನು ಹಾಕು. ಅಂಗಡಿಯವನು ಬಣ್ಣಕ್ಕೆ ಹಾರ್ಡನರ್ (ಬಣ್ಣ ಗಟ್ಟಿ ಮಾಡುವ ದ್ರವ) ಬೆರೆಸು, ಹೊಳಪು ಬರುತ್ತೆ ಅಂದರೆ ಈ ಸಲ ಬೇಡ ಅನ್ನು. ಅದರಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಅದಕ್ಕೆ ಹೊರಗಿನ ಗಾಳಿ ಕೊಡುವ ಮಾಸ್ಕೇ ಬೇಕು. ಹಸಿರಿನಲ್ಲೂ ಹಳೇದು ಬೇರೆ, ಈಗಿನದು ಬೇರೆ, ಕ್ಲಾಸಿಕ್ ಗ್ರೀನ್ ಅಂತ ಇರುವುದನ್ನೇ ಕೇಳು. ಚಕ್ರದ ರಿಮ್ಮಿಗೆ ಹಳದಿ. ಸೀರಿಯಲ್ ನಂಬರಿನ ಪಟ್ಟಿಯ ಮೇಲೆ ಟೇಪ್ ಅಂಟಿಸು, ಅದರ ಮೇಲೆ ಬಣ್ಣ ಬೀಳಬಾರದು. ಸ್ಟಿಕ್ಕರ್ ಅಂಟಿಸುವುದು ಕೊನೆಗೆ, ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ. ಒಂದು ಹನಿ ಸೋಪು ಹಾಕಿದ ನೀರು ಚಿಮುಕಿಸಿ ಅಂಟಿಸಿದರೆ ಜರುಗಿಸಿ ನೇರ ಮಾಡಬಹುದು.

ಆದರೆ ಹಸಿರು ಡಬ್ಬಿ ತರುವ ಮೊದಲು ಒಂದು ಕೆಲಸ ಮಾಡು ಪುಟ್ಟ. ನಿನ್ನ ಫೋಟೋ ನೋಡಿದಾಗಿನಿಂದ ನನಗೆ ಇದೇ ಯೋಚನೆ. ನನ್ನದರ ಮಡ್‌ಗಾರ್ಡ್ ದುಂಡಗಿದೆ, ನಿನ್ನದರದ್ದು ಚಪ್ಪಟೆ, ಚೌಕ. ಅಂದರೆ ಅದು 1968ರದ್ದು ಅಥವಾ ಆಮೇಲಿನದು. 1969ರಿಂದ 71ರವರೆಗೆ ಕಂಪನಿಯವರು ಹಸಿರಲ್ಲದ ಟ್ರ್ಯಾಕ್ಟರ್ ಕೂಡ ಮಾರಿದ್ದರು. ಮೈಯೆಲ್ಲ ಬಿಳಿ. ಬಾನೆಟ್ಟು, ಸೀಟು ಮಾತ್ರ ಕೆಂಪು, ಕಿತ್ತಳೆ, ಹಳದಿ ಅಥವಾ ನೀಲಿ. ಜಾನ್ ಡಿಯರ್ ಅಂದರೆ ಹಸಿರೇ ಅಲ್ವಾ, ಜನಕ್ಕೆ ಅದು ಅಷ್ಟು ಹಿಡಿಸಲಿಲ್ಲ. ಎಷ್ಟೋ ಗಾಡಿಗಳ ಮೇಲೆ ಆಮೇಲೆ ಹಸಿರು ಹೊಡೆದುಬಿಟ್ಟರು. ನಿನ್ನ ಮೂರನೇ ಫೋಟೋದಲ್ಲಿ ಮಡ್‌ಗಾರ್ಡಿನ ಅಂಚಲ್ಲಿ ಹಸಿರು ಎದ್ದಿದೆ, ಕೆಳಗೆ ಏನೋ ಬೆಳ್ಳಗೆ ಕಾಣುತ್ತದೆ. ಬರೀ ಪ್ರೈಮರ್ ಇರಬಹುದು, ಬೆಳಕೂ ಇರಬಹುದು. ಸೀಟು ಎತ್ತಿ, ಬಿಸಿಲು ಬೀಳದ ಜಾಗದಲ್ಲಿ ಅಂಗೈಯಷ್ಟು ಅಗಲ ಒದ್ದೆ ಬಟ್ಟೆಯಲ್ಲಿ ಒರೆಸು. ನೀರು ಹಚ್ಚಿ ಸಣ್ಣ ಸ್ಯಾಂಡ್ ಪೇಪರಿನಲ್ಲಿ ನಿಧಾನಕ್ಕೆ ಒಂದು ಪದರ ಮಾತ್ರ ತೆಗೆ. ಬಾನೆಟ್ಟಿನ ಒಳಮೈಯಲ್ಲೂ ಹಾಗೇ ಮಾಡು. ಹಸಿರಿನ ಕೆಳಗೆ ಬಿಳಿಯೋ ಕಿತ್ತಳೆಯೋ ಬಂದರೆ ಅಲ್ಲಿಗೇ ನಿಲ್ಲಿಸಿ ನನಗೆ ವಿಡಿಯೋ ಕಾಲ್ ಮಾಡು. ಶನಿವಾರ ನಾನು ಮನೆಯಲ್ಲೇ ಇರುತ್ತೇನೆ.